ಕೆಸರಿನಿಂದ ಎದ್ದ ಅಜ್ಜಿಯರು

ಮಾರ್ಚ್ 3, ಸೋಮವಾರ

ಇವತ್ತು ಮತ್ತೆ ಕೆಲಸಕ್ಕೆ ಹೋದೆ. ಪ್ರಯೋಗಾಲಯದ ಬಾಗಿಲಲ್ಲಿ ಕಾವಲುಗಾರ ಎದ್ದು ನಿಂತ. ಯಾವತ್ತೂ ಏಳುವವನಲ್ಲ. ಸಾವಾದ ಮನೆಯವರಿಗೆ ಜನ ಹೀಗೆ ಏನಾದರೊಂದು ಮರ್ಯಾದೆ ಕೊಡುತ್ತಾರೆ.

ಅಕ್ಕ ಹೋದದ್ದು ಕಳೆದ ತಿಂಗಳು. ಅಕ್ಕ ಎಂದರೆ ನನಗಿಂತ ಕಾಲು ಗಂಟೆ ಮೊದಲು ಹುಟ್ಟಿದವಳು; ಆ ಕಾಲು ಗಂಟೆಯ ಬಲದ ಮೇಲೆ ಜೀವನವಿಡೀ ದೊಡ್ಡಸ್ತಿಕೆ ನಡೆಸಿದಳು. ಒಂದೇ ಮೊಟ್ಟೆ ಒಡೆದು ಇಬ್ಬರಾದವರು ನಾವು. ನಗುವಾಗ ಇಬ್ಬರ ತುಟಿಯೂ ಒಂದೇ ಕಡೆಗೆ ಸೊಟ್ಟಗಾಗುತ್ತಿತ್ತು. ಎದೆಯಲ್ಲಿ ಗಂಟು ಬಂದದ್ದು ಮಾತ್ರ ಅವಳಿಗೆ.

ಅವಳ ಮನೆಯಲ್ಲಿ ಆ ದಿನ ಬಾಗಿಲು ತೆರೆದದ್ದು ನಾನು. ಪಕ್ಕದ ಮನೆಯ ಹೆಂಗಸು ಹೂವು ಹಿಡಿದು ನಿಂತಿದ್ದರು. ನನ್ನ ಮುಖ ನೋಡಿದವರೇ ಹಿಂದಕ್ಕೆ ಹೆಜ್ಜೆಯಿಟ್ಟು ಮೆಟ್ಟಿಲ ಮೇಲೆ ಕುಸಿದು ಕೂತರು. ಆಮೇಲೆ ಭಾವ ಹತ್ತಿರ ಬಂದು, ಬಂದವರೆಲ್ಲ ಹೋಗುವ ತನಕ ಹಿಂದಿನ ಕೋಣೆಯಲ್ಲಿ ಇರುತ್ತೀಯಾ, ತಪ್ಪು ತಿಳಿಯಬೇಡ ಎಂದರು. ತಪ್ಪು ತಿಳಿಯಲಿಲ್ಲ. ಕೋಣೆಯಲ್ಲಿ ಒಗೆದ ಬಟ್ಟೆಯ ರಾಶಿ ಬಿದ್ದಿತ್ತು. ಎಲ್ಲಕ್ಕೂ ಇಸ್ತ್ರಿ ಹಾಕಿ ಮಡಿಸಿಟ್ಟೆ. ಅದರಲ್ಲಿ ಅರ್ಧ ಅವಳ ಬಟ್ಟೆಗಳೇ ಎಂದು ಮುಗಿದ ಮೇಲೆ ಹೊಳೆಯಿತು.

ಅತ್ತಿಲ್ಲ. ಅಳು ಬರಬಹುದು ಎಂದು ಕಾಯುವುದನ್ನೂ ಬಿಟ್ಟಿದ್ದೇನೆ.

ಮಾರ್ಚ್ 6, ಗುರುವಾರ

ಅಮ್ಮ ನನ್ನ ಮುಖ ನೋಡಿ ಮಾತಾಡುವುದಿಲ್ಲ. ಇಬ್ಬರೇ ಇರುವ ಮನೆ. ಕಿಟಕಿಗೋ ಕುಕ್ಕರಿಗೋ ಮಾತಾಡಿದ ಹಾಗೆ ಮಾತಾಡುತ್ತಾಳೆ. “ಊಟ ಆರಿ ಹೋಗ್ತಿದೆ” ಎಂದು ಒಲೆಗೆ ಹೇಳಿದರೆ ನಾನು ಹೋಗಿ ಉಣ್ಣಬೇಕು ಎಂದು ಅರ್ಥ. ಉಣ್ಣುತ್ತೇನೆ. ಏನು ಉಂಡೆ ಎಂದು ಕೇಳಿದರೆ ಹೇಳಲಾರೆ.

ಬಚ್ಚಲಿನ ಕನ್ನಡಿಯ ಮೇಲೆ ಅಮ್ಮ ಟವೆಲ್ ಹಾಕಿದ್ದಾಳೆ. ಒಣಗಲು ಹಾಕಿದ್ದೆಂದು ಮೊದಲು ತಿಳಿದಿದ್ದೆ.

ಮಾರ್ಚ್ 14, ಶುಕ್ರವಾರ

ಕೆಸರಣ್ಣ ಕೆರೆಯಿಂದ ಮೂರು ಕೊಳವೆ ಕೆಸರು ತಂದಿದ್ದಾನೆ. ಕಾಲೇಜಿನಲ್ಲಿ ಜೊತೆಗೆ ಓದಿದವನು. ಆಗಿನಿಂದಲೂ ಮೊಣಕಾಲು ತನಕ ಕೆಸರಿನಲ್ಲಿಯೇ ಇದ್ದಾನೆ, ಹೆಸರು ಅದರಿಂದಲೇ ಬಂತು. ಸಂತಾಪದ ಮಾತು ಒಂದೂ ಆಡಲಿಲ್ಲ. ಕೊಳವೆಗಳನ್ನು ನನ್ನ ಮೇಜಿನ ಮೇಲೆ ಮಲಗಿಸಿ, “ತಳದ ಪದರ ಮುಟ್ಟಬೇಡ, ಮೊದಲು ಕೈ ತೊಳ್ಕೋ” ಎಂದು ಹೋದ. ಇಷ್ಟು ದಿನದಲ್ಲಿ ಯಾರಾದರೂ ನನ್ನ ಜೊತೆ ಸರಿಯಾಗಿ ಮಾತಾಡಿದ್ದರೆ ಅದು ಇವನೇ.

ಕೊಳವೆ ಸೀಳಿದೆ. ಕೇಕಿನ ಹಾಗೆ ಪದರ ಪದರ. ತಳದ ಕಪ್ಪು ಕೆಸರು ಕೆರೆಗೆ ಮೀನು ಬಿಡುವುದಕ್ಕಿಂತ ಹಿಂದಿನದು. ಅದರ ಮೇಲಿನದು ಮೀನು ತುಂಬಿ ತುಳುಕುತ್ತಿದ್ದ ಕಾಲದ್ದು. ಎಲ್ಲಕ್ಕಿಂತ ಮೇಲಿನದು ಈಚಿನದು. ಜರಡಿ ಹಿಡಿದು ನೀರುಚಿಗಟದ ಮೊಟ್ಟೆಗಳನ್ನು ಆರಿಸಿದೆ. ಕರಿ ಚೀಲದೊಳಗೆ ಅವಿತ ಮೊಟ್ಟೆಗಳು, ಎಳ್ಳಿಗಿಂತ ಸಣ್ಣವು. ತಂಪಿನಿಂದ ತೆಗೆದು ಬೆಳಕಿಗಿಟ್ಟೆ. ಒಡೆಯಬಹುದು, ಒಡೆಯದಿರಬಹುದು.

ಕಾದ ಗಾಜು ಹಿಡಿದು ಬೆರಳು ಸುಟ್ಟಿದೆ. ಬೊಬ್ಬೆ ಬಂದ ಮೇಲೆಯೇ ತಿಳಿದದ್ದು.

ಮಾರ್ಚ್ 22, ಶನಿವಾರ

ಭಾವ ಫೋನ್ ಮಾಡಿದ್ದರು. ಮಗಳು ಕಾಲೇಜಿಗೆ ಹೋಗುವುದನ್ನು ಬಿಟ್ಟಿದ್ದಾಳಂತೆ, ಅಪ್ಪನ ಜೊತೆ ಮಾತಿಲ್ಲವಂತೆ, ಚಿಕ್ಕಿಯ ಮನೆಗೆ ಹೋಗುತ್ತೇನೆ ಎಂದು ಹಟ ಹಿಡಿದಿದ್ದಾಳಂತೆ. ಸ್ವಲ್ಪ ದಿನ ಇಟ್ಟುಕೊಳ್ಳುತ್ತೀಯಾ ಎಂದರು. ಆಯಿತು ಎಂದೆ. ಬೇಡ ಎನ್ನಲು ಕಾರಣ ಹುಡುಕುವುದಕ್ಕಿಂತ ಅದು ಸುಲಭ.

ಸಂಜೆಯ ರೈಲಿಗೆ ಬಂದಳು. ಹತ್ತೊಂಬತ್ತು ವರ್ಷದ ಹುಡುಗಿ, ನನಗಿಂತ ಒಂದು ಗೇಣು ಎತ್ತರ. ಅಮ್ಮ ನನ್ನ ಮುಖ ನೋಡುವುದೇ ಇಲ್ಲ. ಇವಳು ಕಣ್ಣು ಕೀಳುವುದೇ ಇಲ್ಲ. ಊಟದ ಮೇಜಿನಲ್ಲಿ ಎದುರಿಗೆ ಕೂತು, ಕೈ ತಟ್ಟೆಯಲ್ಲಿಟ್ಟುಕೊಂಡು ನನ್ನನ್ನೇ ನೋಡಿದಳು. ಗೋಡೆಯ ಮೇಲಿನ ಫೋಟೋ ನೋಡಿದ ಹಾಗೆ. ಅಮ್ಮ ಗೋಡೆಗೆ ಗದರಿದಳು, “ನೋಡಿದ್ದು ಸಾಕು, ಊಟ ಮಾಡು.”

ಏಪ್ರಿಲ್ 2, ಬುಧವಾರ

ಹುಡುಗಿ ಒಂದು ಬೇಡಿಕೆ ಇಟ್ಟಳು.

ಹುಟ್ಟಿದಾಗ ಶುಂಠಿ ಬೇರಿನ ಹಾಗೆ ಮುದುಡಿಕೊಂಡಿದ್ದಳಂತೆ, ಅದಕ್ಕೆ ಅಕ್ಕ ಅವಳನ್ನು ಶುಂಠಿ ಎಂದು ಕರೆಯುತ್ತಿದ್ದಳು. ಶುಂಠನ ಹೆಂಡತಿ ಶುಂಠಿ ಎಂದು ಭಾವ ಮಗಳನ್ನು ಕಾಡುವುದು, ಇವಳು ಅಳುವುದು, ಅಕ್ಕ ಇಬ್ಬರನ್ನೂ ಬೈಯುವುದು ಆ ಮನೆಯಲ್ಲಿ ನಿತ್ಯದ ನಾಟಕ. ಬೇರೆ ಯಾರೂ ಆ ಹೆಸರು ಹಿಡಿದು ಕರೆಯುವಂತಿರಲಿಲ್ಲ.

“ಒಂದೇ ಒಂದು ಸಲ ಕರಿ ಚಿಕ್ಕಿ. ನಾನು ಆ ಕಡೆ ತಿರುಗಿ ಕೂತಿರ್ತೀನಿ.”

ಆಗುವುದಿಲ್ಲ ಎಂದೆ. ಇಬ್ಬರ ಗಂಟಲಿನ ಅಳತೆ ಒಂದೇ ಆದ್ದರಿಂದ ದನಿ ಒಂದೇ ಥರ ಕೇಳಿಸುತ್ತದೆ, ಅಷ್ಟರಿಂದ ಹೋದವರು ಬಂದ ಹಾಗಾಗುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅವಳು ಎದ್ದು ಚಪ್ಪಲಿ ಹಾಕಿಕೊಳ್ಳದೆಯೇ ಬೀದಿಗೆ ಹೋದಳು. ಕತ್ತಲಾಗುವ ಮುಂಚೆ ಬಂದಳು. ಅಂಗಾಲಿಗೆ ಗಾಜು ಚುಚ್ಚಿತ್ತು. ಅಮ್ಮ ಇಕ್ಕಳ ತಂದಳು, ನಾನು ತೆಗೆದೆ.

ಏಪ್ರಿಲ್ 9, ಬುಧವಾರ

ತಳದ ಪದರದ ಮೊಟ್ಟೆಗಳೂ ಕೊನೆಗೆ ಒಡೆದವು; ಮೇಲಿನ ಪದರಗಳವು ಮೊದಲೇ ಒಡೆದು ಮರಿ ಹಾಕಿವೆ. ನಾನು ಹುಟ್ಟುವುದಕ್ಕೂ ಮೊದಲೇ ಕೆಸರಿಗೆ ಬಿದ್ದ ಮೊಟ್ಟೆಗಳು. ಕೆಸರಣ್ಣ ಎಲ್ಲರ ಮೇಜಿಗೂ ಹೋಗಿ, ಅಜ್ಜಿಯರು ಎದ್ದರು, ಅಜ್ಜಿಯರು ಎದ್ದರು ಎಂದು ಸಾರಿ ಬಂದ.

ಮನೆಯಲ್ಲಿ ಕೂತು ಹುಡುಗಿ ಅಮ್ಮನ ತಲೆ ತಿನ್ನುತ್ತಿದ್ದಳು. ಇವತ್ತು ಜೊತೆಗೆ ಕರೆದುಕೊಂಡು ಹೋಗಿದ್ದೆ. ಸೂಕ್ಷ್ಮದರ್ಶಕದಲ್ಲಿ ನೀರುಚಿಗಟ ತೋರಿಸಿದೆ. ಹೆಸರಿಗೆ ಚಿಗಟ, ಅಸಲಿಗೆ ಸೀಗಡಿಯ ಸಂಬಂಧಿ. ಮೈ ಗಾಜಿನ ಹಾಗೆ. ಹೃದಯ ಬಡಿಯುವುದು, ಹೊಟ್ಟೆಯಲ್ಲಿರುವ ಮರಿ ಕಣ್ಣು ಹೊರಳಿಸುವುದು ಎಲ್ಲ ಕಾಣುತ್ತದೆ. ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

ಗಂಡು ಎಲ್ಲಿ ಎಂದು ಕೇಳಿದಳು. ಕಾಲ ಚೆನ್ನಾಗಿರುವಾಗ ಗಂಡಿನ ಅಗತ್ಯವಿಲ್ಲ, ಹೆಣ್ಣು ತನ್ನಂಥದೇ ಹೆಣ್ಣುಗಳನ್ನು ಹೆರುತ್ತಾ ಹೋಗುತ್ತದೆ ಎಂದೆ. ಚಳಿಯೋ ಹಸಿವೋ ಬಂದಾಗ ಮಾತ್ರ ಗಂಡು ಹುಟ್ಟುತ್ತವೆ, ಆಗ ಇಡುವ ಮೊಟ್ಟೆಗಳೇ ಕೆಸರು ಸೇರಿ ನಿದ್ದೆ ಹೋಗುವುದು.

ಉದ್ದನೆಯ ಗಾಜಿನ ಕೊಳವೆಯ ಮೇಲೆ ದೀಪ ಹಚ್ಚಿ ತೋರಿಸಿದೆ. ಅಜ್ಜಿಯರು ನೆಟ್ಟಗೆ ಬೆಳಕಿಗೆ ಏರಿದರು. ಮೀನಿನ ತೊಟ್ಟಿಯ ನೀರು ಹನಿಸಿದರೂ ಬಹುಪಾಲು ಕದಲಲಿಲ್ಲ. ಆ ವಾಸನೆಯ ಅರ್ಥ ಅವರಿಗೆ ಗೊತ್ತಿಲ್ಲ. ನಡುವಿನ ಪದರದವರಿಗೆ ಅದೇ ನೀರು ಹನಿಸಿದೆ. ಎಲ್ಲರೂ ತಳಕ್ಕೆ ಇಳಿದರು. ಬೆಳಕಿನಲ್ಲಿದ್ದರೆ ಮೀನಿನ ಬಾಯಿಗೆ ಬೀಳುತ್ತೇವೆಂದು ಬಲ್ಲವರು. ಆಮೇಲೆ ಅವರ ಹೆಣ್ಣುಮಕ್ಕಳನ್ನು ತೋರಿಸಿದೆ. ಇವರು ಹುಟ್ಟಿ ಬೆಳೆದದ್ದು ಶುದ್ಧ ನೀರಿನಲ್ಲಿ, ಮೀನಿನ ವಾಸನೆ ಕಂಡವರಲ್ಲ. ಆದರೂ ತಳದಲ್ಲಿಯೇ ಇದ್ದರು.

“ಇವರಿಗೆ ಯಾರು ಹೇಳಿದ್ದು?” ಎಂದಳು.

ಅಡುಗೆಯ ಉದಾಹರಣೆ ಕೊಟ್ಟೆ. ಸಾಮಾನು ಅದೇ, ಕೈಗುಣ ಬೇರೆ. ತಾಯಿ ಮಗಳಿಗೆ ಕೊಡುವ ಜೀನು ಅದೇ ಇರುತ್ತದೆ. ಯಾವುದನ್ನು ಎಷ್ಟು ಬಳಸಬೇಕು ಎಂಬ ಗುರುತನ್ನು ತಾಯಿ ಕಂಡ ಭಯ, ಹಸಿವು, ಚಳಿ ಹಾಕಿಕೊಡುತ್ತದೆ. ಕೆಲವು ಗುರುತು ಅಳಿಸಿ ಹೋಗುತ್ತವೆ, ಕೆಲವು ಒಂದೆರಡು ತಲೆಮಾರು ದಾಟುತ್ತವೆ. ಈಚಿನ ಪದರದವರು ಇನ್ನೂ ವಿಚಿತ್ರ. ಕಳೆದ ವರ್ಷದಿಂದ ಇಲ್ಲಿ ಎಷ್ಟು ತಲೆಮಾರು ಶುದ್ಧ ನೀರಿನಲ್ಲಿ ಸಾಕಿದರೂ ತಳ ಬಿಟ್ಟು ಏಳುವುದೇ ಇಲ್ಲ. ಗುರುತಾಗಿ ಬಂದದ್ದು ಕೊನೆಗೆ ಹುಟ್ಟುಗುಣವೇ ಆಗಿಬಿಟ್ಟಿತೋ, ಒಂದು ಜೀವಜಾತಿ ಬದಲಾಗುವುದಕ್ಕೆ ಇದೂ ಒಂದು ದಾರಿಯೋ ಎನ್ನುವುದೇ ನಮ್ಮ ಪ್ರಶ್ನೆ.

“ಹುಟ್ಟುಗುಣ ಸುಟ್ಟರೂ ಹೋಗದು ಅಂತಾರಲ್ಲ, ಅದು ಎಲ್ಲಿಂದ ಬಂತು ಅಂತ ನಿಮ್ಮ ಚಿಕ್ಕಿ ಹುಡುಕ್ತಿದಾಳೆ” ಎಂದ ಕೆಸರಣ್ಣ.

ಹುಡುಗಿ ನಗಲಿಲ್ಲ. ಬಸ್ಸಿನಲ್ಲಿ ಬರುವಾಗ, ತಾಯಿಯಂತೆ ಮಗಳು ಅನ್ನುವುದು ಎಲ್ಲದಕ್ಕೂ ಹೊಂದುತ್ತದೆಯೇ ಎಂದು ಕೇಳಿದಳು. ಎಲ್ಲದಕ್ಕೂ ಇಲ್ಲ ಎಂದೆ. ಅವಳು ಕೇಳಿದ್ದು ಅಕ್ಕನ ಗಂಟಿನ ವಿಷಯ ಎನ್ನುವುದು ಮನೆ ಹತ್ತಿರ ಬಂದಾಗ ತಿಳಿಯಿತು. ಆಗ ಮಾತು ತಿರುಗಿಸಲು ತಡವಾಗಿತ್ತು.

ಏಪ್ರಿಲ್ 20, ಭಾನುವಾರ

ಅಮ್ಮನಿಗೆ ಹುಡುಗಿ ಎಲ್ಲವನ್ನೂ ಹೇಳಿದ್ದಾಳೆ. ಮೀನು, ವಾಸನೆ, ಗುರುತು, ಕೈಗುಣ. ಚೆನ್ನಾಗಿಯೇ ಹೇಳಿರಬೇಕು, ಯಾಕೆಂದರೆ ಇವತ್ತು ಬಟ್ಟೆ ಮಡಿಸುತ್ತಿದ್ದಾಗ ಅಮ್ಮ ಕೇಳಿದ ಪ್ರಶ್ನೆ ಯಾವ ವಿದ್ಯಾರ್ಥಿಯೂ ಕೇಳುವಂಥದ್ದಲ್ಲ.

ನಮಗೆ ಎರಡು ವರ್ಷವಿದ್ದಾಗ ಅಪ್ಪ ಹಾಸಿಗೆ ಹಿಡಿದರು. ಒಬ್ಬಳ ಕೈಯಲ್ಲೇ ಕಾಯಿಲೆಯವರನ್ನೂ ಎರಡು ಕೂಸುಗಳನ್ನೂ ನೋಡಿಕೊಳ್ಳುವುದು ಆಗದೆ ಅಮ್ಮ ಅಕ್ಕನನ್ನು ಅತ್ತೆಯ ಮನೆಗೆ ಕಳಿಸಿದಳು. ಬಣ್ಣದ ಕಾರ್ಖಾನೆಯ ಹಿಂದಿನ ಬೀದಿ. ಅಲ್ಲಿ ಚರಂಡಿ ಒಂದು ದಿನ ಕೆಂಪಗೆ, ಒಂದು ದಿನ ನೀಲಿಯಾಗಿ ಹರಿಯುತ್ತಿತ್ತು ಎಂದು ಅಕ್ಕ ಹೆಮ್ಮೆಯಿಂದ ಹೇಳುತ್ತಿದ್ದಳು. ಶಾಲೆ ಸೇರಿ ಎಷ್ಟೋ ವರ್ಷದ ಮೇಲೆ ಅವಳು ನಮ್ಮ ಮನೆಗೆ ವಾಪಸು ಬಂದದ್ದು. ಅವಳನ್ನೇ ಏಕೆ ಕಳಿಸಿದೆ ಎಂದು ನಾನು ಕೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

“ಅವಳು ಗಟ್ಟಿಮುಟ್ಟಾಗಿದ್ಲು” ಎಂದಳು ಅಮ್ಮ, ಕೈಯಲ್ಲಿದ್ದ ದಿಂಬಿನ ಚೀಲಕ್ಕೆ. “ನೀನು ಸೊರಗಿದ್ದೆ. ಗಟ್ಟಿ ಇರೋದು ಎಲ್ಲಿ ಹೋದ್ರೂ ಬದುಕುತ್ತೆ ಅಂದ್ಕೊಂಡೆ.” ಚೀಲದ ಮೂಲೆ ಎಳೆದು ಸರಿಮಾಡಿ, “ನಿನ್ನ ಓದು ಏನು ಹೇಳುತ್ತೆ? ನಾನು ಅಲ್ಲಿಗೆ ಕಳಿಸಿದ್ದಕ್ಕೇ ಅವಳಿಗೆ ಹಾಗಾಯ್ತಾ?”

ಆಗಿರಬಹುದು, ಆಗಿಲ್ಲದೆಯೂ ಇರಬಹುದು, ಹೇಳಲು ಬರುವುದಿಲ್ಲ ಎಂದೆ. ಎಳೆಯ ವಯಸ್ಸಿನಲ್ಲಿ ಮೈಗೆ ತಾಕಿದ್ದು ಎಷ್ಟೋ ವರ್ಷದ ಮೇಲೆ ಕಾಣಿಸಿಕೊಳ್ಳುವುದುಂಟು, ಒಬ್ಬರ ವಿಷಯದಲ್ಲಿ ಇದೇ ಕಾರಣವೆಂದು ಸಾಬೀತು ಮಾಡಲಾಗದು ಎಂದೂ ಹೇಳಿದೆ. ಹೇಳಿದ್ದರಲ್ಲಿ ಒಂದಕ್ಷರ ತಪ್ಪಿಲ್ಲ.

ಅಮ್ಮ ದಿಂಬಿನ ಚೀಲವನ್ನು ಮಡಿಸಿದಳು. ಮತ್ತೆ ಬಿಚ್ಚಿ ಮತ್ತೆ ಮಡಿಸಿದಳು. ಆಮೇಲೆ ಹೋಗಿ ಮಲಗಿದಳು.

ಏಪ್ರಿಲ್ 21, ಸೋಮವಾರ

ಅಮ್ಮ ಎದ್ದಿಲ್ಲ. ಜ್ವರವಿಲ್ಲ. ಹುಡುಗಿ ನನಗೆ, “ಸುಳ್ಳು ಹೇಳಕ್ಕೂ ಬರಲ್ವಾ ನಿನಗೆ?” ಎಂದಳು.

ಅಜ್ಜಿಯರಿಗೆ ಪಾಚಿ ನೀರು ಹಾಕಿ ಬಂದೆ.

ಏಪ್ರಿಲ್ 23, ಬುಧವಾರ

ಅಮ್ಮ ಎದ್ದು ಸ್ವಲ್ಪ ಗಂಜಿ ಕುಡಿದಳು.

ಮೇ 1, ಗುರುವಾರ

ಅಕ್ಕನನ್ನು ನೋಡುತ್ತಿದ್ದ ಡಾಕ್ಟರಮ್ಮ ನನಗೆ ಚಳಿಗಾಲದಲ್ಲಿಯೇ ಹೇಳಿದ್ದರು, ಅವಳಿ ಆದ್ದರಿಂದ ತಡಮಾಡದೆ ತೋರಿಸಿಕೊಳ್ಳಬೇಕೆಂದು. ಹೂಂ ಎಂದಿದ್ದೆ. ಅವರು ಬರೆದು ತಿಳಿಸಿದ್ದ ಇಲ್ಲಿನ ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂದಾಗಲೂ ಹೂಂ ಎಂದಿದ್ದೆ. ಹೆದರಿಕೆಯಿಂದಲ್ಲ. ಹೆದರಿಕೆ ಇದ್ದರೆ ಹೋಗುತ್ತಿದ್ದೆನೇನೋ.

ಇವತ್ತು ಮೂರನೆಯ ಫೋನ್ ಎತ್ತಿದವಳು ಶುಂಠಿ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ಪ್ರಯೋಗ ಮುಗಿಯಲಿ, ಮೊಮ್ಮಕ್ಕಳು ಹುಟ್ಟುವ ಹೊತ್ತು, ಆಮೇಲೆ ಹೋಗುತ್ತೇನೆ ಎಂದೆ. ತನ್ನ ಅಮ್ಮನೂ ಹೀಗೆಯೇ ಮಗಳ ಪರೀಕ್ಷೆ ಮುಗಿಯಲಿ, ರಜೆ ಬರಲಿ ಎಂದು ಮುಂದಕ್ಕೆ ಹಾಕುತ್ತಿದ್ದಳು ಎಂದಳು. ಗೊತ್ತಿರಲಿಲ್ಲ. ಅಕ್ಕ ನನಗೆ ಗಂಟಿನ ವಿಷಯ ಹೇಳಿದ್ದೇ ಎಲ್ಲ ತಿಳಿದ ಮೇಲೆ.

“ಇದೇ ಮುಖಾನ ಇನ್ನೊಂದು ಸಲ ಬಿಳೀ ಬಟ್ಟೆ ಅಡಿ ನೋಡಕ್ಕೆ ನನ್ನ ಕೈಲಾಗಲ್ಲ ಚಿಕ್ಕಿ.”

ಅವಳು ಅಳುತ್ತಿರಲಿಲ್ಲ. ಹೊತ್ತಾಯಿತು ಎದ್ದೇಳು ಎನ್ನುವಷ್ಟು ಸಾದಾ ದನಿಯಲ್ಲಿ ಹೇಳಿದಳು. ಅದೇ ಫೋನಿನಲ್ಲಿ ವಾಪಸು ಕರೆ ಮಾಡಿ ದಿನ ಗೊತ್ತುಮಾಡಿಕೊಂಡೆ.

ಮೇ 11, ಭಾನುವಾರ

ಮೊಮ್ಮಕ್ಕಳು ಹುಟ್ಟಿದ್ದಾರೆ. ಮೀನಿನ ವಾಸನೆ ಕಂಡವರ ಮೊಮ್ಮಕ್ಕಳು. ಅರ್ಧದಷ್ಟು ಮೇಲಕ್ಕೆ ಏರುತ್ತಾರೆ, ಅರ್ಧದಷ್ಟು ತಳದಲ್ಲಿ. ನಡುವೆ ಒಂದು ಮಾತ್ರ ಎಲ್ಲಿಯೂ ಹೋಗದೆ ನಿಂತಿತ್ತು. ಅದನ್ನೇ ನೋಡುತ್ತಾ ಕೂತಿದ್ದೆ. ಕೆಸರಣ್ಣ ಬಂದು ದೀಪ ಆರಿಸಿದ. ಭಾನುವಾರ ಎಂದು ನೆನಪಿಸಿದ.

ಮೇ 19, ಸೋಮವಾರ

ಆಸ್ಪತ್ರೆಯಲ್ಲಿ ಎದೆಯ ಚಿತ್ರ ತೆಗೆದರು. ಎಡಗಡೆ ಏನೋ ಇದೆ ಎಂದು ಮತ್ತೆ ತೆಗೆದರು. ಸೂಜಿ ಹಾಕಿ ಚೂರು ಮಾಂಸ ತೆಗೆದರು. ಸೂಜಿಯ ಹುಡುಗಿ ನೋಯುತ್ತದೆಯೇ ಎಂದು ಕೇಳಿದಳು; ಇಲ್ಲ ಎಂದೆ, ಮರಗಟ್ಟಿಸುವ ಔಷಧಿ ಇನ್ನೂ ಹಾಕಿಯೇ ಇರಲಿಲ್ಲವಂತೆ. ಕ್ಷಮೆ ಕೇಳಿದಳು.

ಶುಂಠಿ ಹೊರಗೆ ಕೂತು ಉಗುರು ಕಚ್ಚಿ ಕಚ್ಚಿ ಬೆರಳ ತುದಿ ಕೆಂಪು ಮಾಡಿಕೊಂಡಿದ್ದಳು. ಬರುವ ದಾರಿಯಲ್ಲಿ ಅವಳಿಗೆ ಕೈಗವಸು ಕೊಡಿಸಿದೆ. ಬೇಸಿಗೆಯಲ್ಲಿ ಕೈಗವಸು ಕೇಳಿದವರನ್ನು ಅಂಗಡಿಯವನು ಮೇಲಿಂದ ಕೆಳಗೆ ನೋಡಿದ. ಉಗುರು ಕಚ್ಚಲು ಆಗದಿರಲಿ ಎಂದು ಕೊಡಿಸಿದ್ದು. ಅವಳು ಬಸ್ಸು ಬರುವ ತನಕ ಅದನ್ನು ಹಾಕಿಕೊಂಡೇ ಇದ್ದಳು.

ಮೇ 27, ಮಂಗಳವಾರ

ಅದೇ. ಅಕ್ಕನದ್ದೇ ಜಾತಿಯದು. ಆದರೆ ಸಣ್ಣದು, ಬಟಾಣಿಗಿಂತ ಚಿಕ್ಕದು, ಬೇರೆಲ್ಲಿಯೂ ಹರಡಿದ ಹಾಗೆ ಕಾಣುವುದಿಲ್ಲ. ಇಲ್ಲಿನ ಡಾಕ್ಟರಮ್ಮ ಹೇಳಿದ್ದನ್ನು ಹಾಗೆಯೇ ಬರೆಯುತ್ತಿದ್ದೇನೆ: ಇಷ್ಟು ಬೇಗ ಬಂದವರಿಗೆ ನಾನು ಧೈರ್ಯ ಹೇಳುವುದಿಲ್ಲ, ಆಪರೇಷನ್ನಿನ ದಿನ ಹೇಳುತ್ತೇನೆ. ಜೂನ್ ಹದಿಮೂರು. ಶುಂಠಿಯ ರಕ್ತವನ್ನೂ ತೆಗೆದುಕೊಂಡರು. ಅವಳಿಗೆ ಈಗ ಏನೂ ಇಲ್ಲ, ಮುಂದೆ ವರ್ಷ ವರ್ಷ ತೋರಿಸುತ್ತಿರಬೇಕು ಎಂದರು.

ಅಮ್ಮನಿಗೆ ನಾನೇ ಹೇಳಿದೆ. ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ಹೇಳಿ ಮುಗಿಸಿದ ಮೇಲೂ ಸುಲಿಯುತ್ತಲೇ ಇದ್ದಳು. ಚಾಕು ತೆಗೆದಿಡಲು ಕೈ ಚಾಚಿದೆ. ಆಗ ಬಾಯಿಗೆ ಬಂದದ್ದನ್ನು ಹೇಳಿದೆ.

“ನೀನು ಅವತ್ತು ಕೇಳಿದ್ಯಲ್ಲ, ಅದಕ್ಕೆ ಉತ್ತರ ಸಿಕ್ತು ನೋಡಮ್ಮ. ಮನೇಲೇ ಇಟ್ಕೊಂಡಿದ್ದೋಳಿಗೂ ಬಂತು. ನೀನು ಕಳಿಸಿದ್ದರಿಂದ ಆಗಿದ್ದಲ್ಲ.”

ಅಮ್ಮ ನನ್ನ ತೋಳಿಗೆ ಒಂದು ಏಟು ಹಾಕಿದಳು. ಇನ್ನೊಂದು ಹಾಕಿದಳು. ಕೈಯಲ್ಲಿ ಸಿಪ್ಪೆಯಿತ್ತು, ನನ್ನ ಮೈಮೇಲೆಲ್ಲ ಉದುರಿತು.

“ಅಂಥಾ ಉತ್ತರ ನಿನ್ನನ್ನ ಯಾರೇ ಕೇಳಿದ್ರು? ನನಗೇನು ಬೇಕಿತ್ತಾ ಅದು?”

ಹೊಡೆಯುವಾಗ ನನ್ನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಎರಡು ಕೈಯಲ್ಲೂ ನನ್ನ ಕೆನ್ನೆ ಹಿಡಿದುಕೊಂಡು ನಿಂತಳು, ಆಲೂಗಡ್ಡೆಯ ಮಣ್ಣು ಮೆತ್ತಿದ ಕೈ. ನಾವು ಹಾಗೆ ಎಷ್ಟು ಹೊತ್ತು ನಿಂತಿದ್ದೆವೋ, ಒಲೆಯ ಮೇಲಿನ ನೀರು ಬತ್ತಿ ಪಾತ್ರೆ ಹೊತ್ತಿಕೊಂಡು ವಾಸನೆ ಬಂತು.

ವಿಜ್ಞಾನದ ಕಣ್ಣಿನಲ್ಲಿ ಅದು ಉತ್ತರವೇ ಅಲ್ಲ. ಒಂದು ಜೋಡಿಯಿಂದ ಏನೂ ತಿಳಿಯುವುದಿಲ್ಲ. ಅವಳಿಗೆ ಒಂದು ಕಾರಣದಿಂದ, ನನಗೆ ಇನ್ನೊಂದರಿಂದ ಬಂದಿರಬಹುದು. ಇದನ್ನು ನನ್ನ ವಿದ್ಯಾರ್ಥಿ ಹೇಳಿದ್ದರೆ ಕೋಣೆಯಿಂದ ಆಚೆ ಕಳಿಸುತ್ತಿದ್ದೆ. ಯಾಕೆ ಹೇಳಿದೆನೋ ಗೊತ್ತಿಲ್ಲ.

ಬಚ್ಚಲಿನಲ್ಲಿ ಮುಖ ತೊಳೆಯುವಾಗ ಕನ್ನಡಿಯ ಮೇಲಿನ ಟವೆಲ್ಲಿನಲ್ಲೇ ಒರೆಸಿಕೊಂಡು ಬಂದೆ.

ಜೂನ್ 4, ಬುಧವಾರ

ಮುಖ್ಯಸ್ಥರ ಮುಂದೆ ಈವರೆಗಿನ ಫಲಿತಾಂಶ ಇಟ್ಟೆ. ಮೊದಲು ಪರಿಸರ ಬದಲಾಯಿತು, ಅದಕ್ಕೆ ಮೈ ಒಗ್ಗಿತು, ಒಗ್ಗಿದ್ದರ ಗುರುತು ಮಕ್ಕಳಿಗೆ ಸಾಗಿತು, ಆ ಗುರುತು ತಲೆಮಾರುಗಳನ್ನು ಕಾಯ್ದುಕೊಂಡಿತು, ಅಷ್ಟರಲ್ಲಿ ನಿಧಾನವಾಗಿ ಜೀನುಗಳಲ್ಲೇ ಆಯ್ಕೆ ನಡೆದು ತಳದ ಬದುಕು ಆ ಜಾತಿಗೆ ಕಾಯಂ ಆಯಿತು, ಹೀಗೆ ಓದಲು ಬರುತ್ತದೆ ಎಂದೆ. ಮುಖ್ಯಸ್ಥರು ಕನ್ನಡಕ ಒರೆಸುತ್ತಾ, ಬೇರೆ ಥರವೂ ಓದಬಹುದಲ್ಲ ಎಂದರು. ಅಜ್ಜಿಯರ ಕಾಲದಲ್ಲೇ ತಳಕ್ಕೆ ಇಳಿಯುವ ಕೆಲವರು ಇದ್ದರು, ಉಳಿದವರನ್ನು ಮೀನು ತಿಂದಿತು, ಇಳಿಯುವವರ ಸಂತಾನ ಉಳಿಯಿತು. ಗುರುತಿನ ಪಾತ್ರವೇ ಬೇಕಿಲ್ಲ. ಅದನ್ನು ತಳ್ಳಿಹಾಕಬೇಕಾದರೆ ಅಜ್ಜಿಯರ ವಂಶವನ್ನೇ ಮೀನಿನ ನೀರಿನಲ್ಲಿ, ಆದರೆ ಮೀನಿನ ಬಾಯಿಗೆ ಕೊಡದೆ, ಬಹಳ ತಲೆಮಾರು ಸಾಕಿ ನೋಡಬೇಕು. ಸರಿಯಾದ ಮಾತು. ಆಗಲೇ ಶುರು ಮಾಡಿದ್ದೇನೆ ಎಂದೆ. ಒಂದು ಗಾಜಿನ ಪಾತ್ರೆಯಲ್ಲಿ ಮೀನಿನ ನೀರಿನ ಅಜ್ಜಿಯರು, ಪಕ್ಕದ್ದರಲ್ಲಿ ಶುದ್ಧ ನೀರಿನವರು.

ಶಸ್ತ್ರಚಿಕಿತ್ಸೆಯ ರಜೆ ಕೇಳಿದಾಗ ಅವರು ಮತ್ತೆ ಕನ್ನಡಕ ತೆಗೆದು ಒರೆಸಿದರು.

ಪಾತ್ರೆಗಳನ್ನು ಕೆಸರಣ್ಣ ನೋಡಿಕೊಳ್ಳುತ್ತಾನೆ. ಶುಂಠಿಯೂ ಬರುತ್ತೇನೆ ಎಂದಿದ್ದಾಳೆ; ಕಾಲೇಜಿಗೆ ಇಲ್ಲಿಯೇ ಸೇರುವ ಯೋಚನೆಯಂತೆ. ಭಾವನಿಗೆ ತಾನೇ ಫೋನ್ ಮಾಡಿ ಹೇಳಿದಳು. ಅಪ್ಪ ಮಗಳು ಬಹಳ ಹೊತ್ತು ಮಾತಾಡಿದರು. ಕೊನೆಗೆ ಅವಳು, “ನೀನೇ ಶುಂಠ” ಎಂದದ್ದು ನನ್ನ ಕೋಣೆಗೆ ಕೇಳಿಸಿತು.

ಜೂನ್ 12, ಗುರುವಾರ

ಚೀಲ ತುಂಬಿ ಆಯಿತು. ಅಮ್ಮ ನನ್ನ ಕೂದಲು ಬಾಚಿ ಬಿಗಿಯಾಗಿ ಹೆಣೆದಳು, ಆಪರೇಷನ್ನಿಗೆ ಅಡ್ಡ ಬರಬಾರದಂತೆ. ಆಪರೇಷನ್ ತಲೆಗಲ್ಲ ಎಂದೆ. ಬಾಯಿ ಮುಚ್ಚಿಕೊಂಡು ಕೂತ್ಕೋ ಎಂದಳು.

ಕಾಲು ತಣ್ಣಗಾಗಿದೆ. ಕಾಲುಚೀಲ ಹುಡುಕಬೇಕು.

ಜೂನ್ 17, ಮಂಗಳವಾರ

ಆಸ್ಪತ್ರೆ. ಬಲಗೈಯಲ್ಲಿ ಬರೆಯಬಹುದು, ಎಡಗಡೆ ಎತ್ತಬಾರದು. ಗಂಟನ್ನು ಪೂರಾ ತೆಗೆದಿದ್ದಾರೆ, ಅಂಚುಗಳು ಸ್ವಚ್ಛವಾಗಿವೆ. ಮುಂದಿನ ಚಿಕಿತ್ಸೆಯ ಮಾತು ನಾಳೆ. ಇದನ್ನೆಲ್ಲ ಬೆಳಿಗ್ಗೆಯೇ ಬರೆಯಬೇಕೆಂದಿದ್ದೆ, ಅಷ್ಟರಲ್ಲಿ ಶುಂಠಿ ಬಂದಳು.

ಬಂದವಳೇ ಬಹಳ ಜಂಬದಿಂದ ವರದಿ ಒಪ್ಪಿಸಿದಳು. ಕೆಸರಣ್ಣನಿಗೆ ಎರಡು ದಿನ ಕೆರೆಯ ಕಡೆ ಕೆಲಸವಿತ್ತಂತೆ, ಎಲ್ಲವನ್ನೂ ತಾನೇ ನೋಡಿಕೊಂಡಳಂತೆ, ಪಾಚಿ ನೀರು ಹಾಕಿದಳಂತೆ. ಕಿಟಕಿ ಕಡೆಯ ಒಂದು ಪಾತ್ರೆ ಕೊಳೆಯಾಗಿತ್ತು. ಅದರಲ್ಲಿದ್ದವರನ್ನು ಪಕ್ಕದ ಪಾತ್ರೆಗೆ ಸುರಿದು ಇದನ್ನು ಚೆನ್ನಾಗಿ ತೊಳೆದಿಟ್ಟಿದ್ದಾಳೆ.

ಯಾವ ಪಾತ್ರೆ ಎಂದು ಮತ್ತೆ ಕೇಳಿದೆ. ಕಿಟಕಿ ಕಡೆಯದು. ಮೀನಿನ ನೀರಿನ ಅಜ್ಜಿಯರನ್ನು ಶುದ್ಧ ನೀರಿನ ಅಜ್ಜಿಯರ ಜೊತೆ ಸೇರಿಸಿದ್ದಾಳೆ. ಅದು ಕೊಳೆಯಲ್ಲ, ಮೀನಿನ ನೀರಿನ ಬಣ್ಣವೇ ಹಾಗೆ. ಮುಖ್ಯಸ್ಥರ ಪ್ರಶ್ನೆಗೆ ನನ್ನ ಹತ್ತಿರ ಇದ್ದ ಒಂದೇ ಉತ್ತರ ಅದು. ಇನ್ನು ಯಾವುದು ಯಾವುದೆಂದು ದೇವರಿಗೂ ಗೊತ್ತಾಗುವುದಿಲ್ಲ.

“ನೋಡಕ್ಕೆ ಎಲ್ಲಾ ಒಂದೇ ಥರ ಇದ್ವು ಚಿಕ್ಕಿ” ಎಂದಳು.

ಆಮೇಲೆ ನಾನು ಏನೇನು ಅಂದೆನೋ ಪೂರ್ತಿ ನೆನಪಿಲ್ಲ. ನೋಡಲು ಒಂದೇ ಥರ ಇದ್ದರೆ ಒಂದೇ ಆಗಿಬಿಡುತ್ತದೆಯೇ ಎಂದು ಕಿರುಚಿದ್ದು ನೆನಪಿದೆ. ಕಣ್ಣಿರುವುದು ಉಗುರು ಕಚ್ಚುವಾಗ ನೋಡಿಕೊಳ್ಳಲಿಕ್ಕೇ ಎಂದೂ ಅಂದೆ. ಪಕ್ಕದ ಹಾಸಿಗೆಯ ಅಜ್ಜಿ ಪರದೆ ಸರಿಸಿ ನೋಡಿದರು. ನರ್ಸ್ ಓಡಿ ಬಂದಳು. ಅಮ್ಮ ಬಾಗಿಲಲ್ಲಿ ಫ್ಲಾಸ್ಕ್ ಹಿಡಿದು ನಿಂತವಳು ಒಳಗೆ ಬರಲೋ ಬೇಡವೋ ಎಂದು ಅಲ್ಲಿಯೇ ನಿಂತಳು. ಹೊಲಿಗೆ ಎಳೆದು ಕಣ್ಣಿಗೆ ಕತ್ತಲೆ ಬಂತು. ಅಬ್ಬಾ ಎಂದೆ. ಇಷ್ಟು ನೋವು ಇದರಲ್ಲಿ ಎಲ್ಲಿ ಅಡಗಿತ್ತೋ.

ಶುಂಠಿ ಕದಲದೆ ನಿಂತಿದ್ದಳು. ಮುಖ ಬಿಳುಚಿತ್ತು, ಆದರೆ ನನ್ನನ್ನು ನೋಡುತ್ತಿದ್ದ ರೀತಿ ಬೇರೆಯಾಗಿತ್ತು. ಯಾರೋ ಹೊಸಬರು ಬಂದು ಕೂತಿದ್ದಾರೆ ಎನ್ನುವ ಹಾಗೆ.

“ಅಮ್ಮ ಯಾವತ್ತೂ ಹೀಗೆ ಕಿರುಚಿದವಳಲ್ಲ” ಎಂದಳು. “ಸಿಟ್ಟು ಬಂದ್ರೆ ಮಾತು ಬಿಡ್ತಿದ್ಲು, ಅಷ್ಟೇ.”

“ನಾನು ನಿಮ್ಮಮ್ಮ ಅಲ್ಲ ಕಣೇ.”

“ಗೊತ್ತು ಚಿಕ್ಕಿ” ಎಂದಳು. ಹತ್ತಿರ ಬಂದು ಜಾರಿದ್ದ ಹೊದಿಕೆಯನ್ನು ಭುಜದ ತನಕ ಎಳೆದಳು. “ಗೊತ್ತು.”

ಅಷ್ಟು ಸುಲಭಕ್ಕೆ ನನ್ನ ಸಿಟ್ಟು ಇಳಿಯಲಿಲ್ಲ, ಈಗಲೂ ಇಳಿದಿಲ್ಲ. ಎರಡು ಪಾತ್ರೆಯನ್ನೂ ಚೆಲ್ಲಬೇಕು. ತಳದ ಪದರದಿಂದ ಹೊಸ ಮೊಟ್ಟೆ ಆರಿಸಬೇಕು, ಒಡೆಯುವ ತನಕ ಕಾಯಬೇಕು, ಮೊದಲಿನಿಂದ ಎಲ್ಲವನ್ನೂ ಮಾಡಬೇಕು. ಜರಡಿ ಹಿಡಿಯುವುದನ್ನು ಇವಳಿಗೆ ಕಲಿಸುತ್ತೇನೆ. ಸೊಂಟ ಬಿದ್ದುಹೋಗುವ ತನಕ ಹಿಡಿಯಲಿ. ತನ್ನ ಪಾಡಿಗೆ ಇದ್ದ ಹುಡುಗಿಯ ಕೈಗೆ ಎಲ್ಲವನ್ನೂ ಬಿಟ್ಟು ಎರಡು ದಿನ ಕೆರೆ ನೋಡಲು ಹೋದ ಆ ಮಹಾನುಭಾವ ನಾಳೆ ಹಣ್ಣು ಹಿಡಿದುಕೊಂಡು ನನ್ನನ್ನು ನೋಡಲು ಬರುತ್ತಾನಂತೆ. ಬರಲಿ. ಅವನಿಗೂ ಇದೆ.